ಒಂದೂವರೆ ಮೊಳ

ಎರಡನೇ ಮಹಾಯುದ್ಧದ ಕಾಲ. ಮದ್ದೂರಿನ ಪೇಟೆ ಬೀದಿಯಲ್ಲಿ ಬಾಡಿಗೆಗೆ ಜಾಗ ಕೇಳುವವರು ಹೆಚ್ಚಾಗಿದ್ದರು. ಹುಚ್ಚೀರಯ್ಯ ತನ್ನ ತಾತನ ಕಾಲದ ತೊಟ್ಟಿಮನೆಗೆ ಗಾರೆಯವರನ್ನು ಕರೆಸಿದ. ಮಹಡಿ ಒಂದು ಸಂಸಾರಕ್ಕೆ ಬಾಡಿಗೆಗೆ ಹೋಗಬೇಕು. ಕೆಳಗಿನ ಉದ್ದನೆಯ ಪಡಸಾಲೆಗೆ ಅಡ್ಡಗೋಡೆ ಎದ್ದು, ಬೀದಿ ಕಡೆಯ ಅರ್ಧ ಬಟ್ಟೆಯಂಗಡಿಯಾಗಬೇಕು. ಒಳಗಿನ ಅರ್ಧ ಅವನ ಅಣ್ಣನ ಹೆಂಡತಿ, ವಿಧವೆ ಹೊಂಬಾಳಮ್ಮನದು. ಎರಡು ಕಡೆಗೂ ಹತ್ತತ್ತು ಮೊಳ ಎಂದು ಊರಿನ ಹಿರಿಯರ ಮುಂದೆ ಮಾತಾಗಿತ್ತು.

ತಂಗಿಯ ಬಾಣಂತನಕ್ಕೆಂದು ಕೆರಗೋಡಿಗೆ ಹೋಗಿದ್ದ ಹೊಂಬಾಳಮ್ಮ ಮರಳುವಷ್ಟರಲ್ಲಿ ಗೋಡೆ ಎದ್ದು ಸುಣ್ಣವೂ ಆಗಿತ್ತು. ಮಂಚ ಹಾಕಿದರೆ ಓಡಾಡಲು ಜಾಗವಿಲ್ಲ. ಮೊಣಕೈ ಊರಿ ಅಳೆದಳು. ಎಂಟೂವರೆ ಮೊಳ.

"ಹಾಡುಹಗಲೇ ನನ್ ಜಾಗ ನುಂಗವ್ನೆ ಮೈದ," ಎಂದುಕೊಂಡಳು.

ಅಂಗಡಿಯ ಬಾಗಿಲು ತೆರೆದಿತ್ತು. ಯಾರೂ ಇಲ್ಲದ್ದನ್ನು ನೋಡಿ ಅದನ್ನೂ ಅಳೆದಳು. ಸರಿಯಾಗಿ ಹತ್ತು. ಹಾಗಾದರೆ ಒಂದೂವರೆ ಮೊಳ ಎಲ್ಲಿ ಹೋಯಿತು? ಗೋಡೆಗೆ ಗುದ್ದಿದಳು. ಟೊಳ್ಳು ಸದ್ದು ಬಂತು. ಸರ್ಕಾರದವರು ಬಚ್ಚಿಟ್ಟ ಭತ್ತಕ್ಕಾಗಿ ಮನೆಮನೆ ಹುಡುಕುತ್ತಿದ್ದ ವರ್ಷ ಅದು. ಮೈದುನ ಭತ್ತ ಬಚ್ಚಿಟ್ಟಿದ್ದಾನೆ, ಸಿಕ್ಕಿಬಿದ್ದರೆ ಅತ್ತಿಗೆಯ ಕೋಣೆಯಲ್ಲಿತ್ತು ಎನ್ನುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಮಹಡಿಗೆ ಸುಣ್ಣ ಹೊಡೆಯುತ್ತಿದ್ದ ಗಾರೆ ದೊಡ್ಡಸಿದ್ದಯ್ಯನನ್ನು ಕೆಳಗೆ ಕರೆದಳು.

"ಇದ್ರೊಳಗೆ ಏನದೆ, ಸಿದ್ದಯ್ಯ?"

ಅವನು ಬ್ರಷ್ಷನ್ನೇ ನೋಡುತ್ತ ನಿಂತ. "ಏನೂ ಇಲ್ಲ ಕಣವ್ವ. ಅಯ್ಯನ್ನೇ ಕೇಳಿ."

"ನಾನೇ ನೋಡ್ತೀನಿ ಬುಡು."

ಒನಕೆ ತಂದು ಗೋಡೆಗೆ ಬಡಿದಳು. ನಾಲ್ಕನೇ ಏಟಿಗೆ ಎರಡು ಇಟ್ಟಿಗೆ ಒಳಕ್ಕೆ ಬಿದ್ದವು. ಒಳಗೆ ಇನ್ನೊಂದು ಗೋಡೆ. ಎರಡರ ನಡುವೆ ಪಡಸಾಲೆಯ ಹಳೆಯ ತೇಗದ ಕಂಬ. ಭತ್ತದ ಒಂದು ಕಾಳೂ ಇಲ್ಲ. ಕೈ ಚಾಚಿ ಕಂಬವನ್ನು ಒತ್ತಿದಳು. ಬೆರಳು ಒಳಕ್ಕೆ ಹೋಯಿತು. ಗೆದ್ದಲು ಮಣ್ಣು ಉದುರಿತು.

ಮಹಡಿಯ ತೊಲೆ ಇದ್ದದ್ದು ಆ ಕಂಬದ ಮೇಲೆಯೇ.

ಅಷ್ಟರಲ್ಲಿ ಹುಚ್ಚೀರಯ್ಯ ಬಂದ. ಒಡೆದ ಗೋಡೆ ಕಂಡು ಮುಖ ಕಪ್ಪಿಟ್ಟಿತು.

"ಅತ್ಗೆ, ಸುಮ್ಕಿರಿ. ಕಂಬ ಬದಲಾಯ್ಸಕೆ ಮ್ಯಾಲಿನ ಮಾಡೇ ಇಳಿಸ್ಬೇಕು. ತೊಲೆಯ ಗೋಡೆ ಇಡ್ಕೊತದೆ."

"ಇಡ್ಕೊಳಕಿಲ್ಲ ಅಯ್ಯ," ದೊಡ್ಡಸಿದ್ದಯ್ಯ ತಲೆಯೆತ್ತದೆ ಹೇಳಿದ. "ಅವತ್ತೇ ನಿಮ್ಗೆ ಏಳಿದ್ದೆ."

ಹೊರಗೆ ಗಾಡಿ ನಿಂತ ಸದ್ದಾಯಿತು. ಮಹಡಿಗೆ ಬರಬೇಕಾದ ಮಲ್ಲಿಗಮ್ಮ ತನ್ನ ಗಂಡ, ಮೂರು ಮಕ್ಕಳು, ಪಾತ್ರೆಪಗಡ ಸಮೇತ ಮಳವಳ್ಳಿಯಿಂದ ಬಂದಿಳಿದಿದ್ದಳು. ಹುಚ್ಚೀರಯ್ಯ ಅತ್ತಿಗೆಯ ದಾರಿಗೆ ಅಡ್ಡ ನಿಂತ.

"ಮನೆ ಮಾನ ಕಳೀಬ್ಯಾಡಿ."

"ಆ ಕೂಸುಗಳ್ನ ನೋಡ್ಲಾ!" ಎಂದು ಅವನನ್ನು ಸರಿಸಿ ಹೊಂಬಾಳಮ್ಮ ಬೀದಿಗೆ ನಡೆದಳು. ಮಲ್ಲಿಗಮ್ಮನ ಕೈ ಹಿಡಿದು ಒಳಗೆ ಕರೆತಂದು ಕಂಬ ತೋರಿಸಿದಳು. ಮಲ್ಲಿಗಮ್ಮ ಚಿಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು.

ಸುದ್ದಿ ಪೇಟೆಯೆಲ್ಲ ಹಬ್ಬಿತು. ಕಂಬ ಬದಲಾಗುವವರೆಗೆ ಅಂಗಡಿಗೆ ಬರುವುದಿಲ್ಲ ಎಂದು ಬಟ್ಟೆ ವ್ಯಾಪಾರಿ ಹೇಳಿಬಿಟ್ಟ. ಹುಚ್ಚೀರಯ್ಯ ಬೇರೆ ದಾರಿಯಿಲ್ಲದೆ ಮಾಡು ಇಳಿಸಿ ಕಲ್ಲಿನ ಕಂಬ ನಿಲ್ಲಿಸಿದ. ಜೋಡಿಗೋಡೆ ಹೋಗಿ ಹೊಂಬಾಳಮ್ಮನ ಒಂದೂವರೆ ಮೊಳವೂ ಮರಳಿತು. ಆ ಎರಡು ತಿಂಗಳು ಮಲ್ಲಿಗಮ್ಮನ ಸಂಸಾರ ಬಸ್ ನಿಲ್ದಾಣದ ಹತ್ತಿರ ಯಾರದೋ ಕೊಟ್ಟಿಗೆಯಲ್ಲಿ ಕಳೆದು, ಮತ್ತೆ ಈ ಮನೆಗೇ ಬಂತು. ಹೊಂಬಾಳಮ್ಮ ಇರುವ ಕಡೆ ಭಯವಿಲ್ಲ ಎಂದು ಮಲ್ಲಿಗಮ್ಮ ಗಂಡನಿಗೆ ಹೇಳಿದ್ದಳಂತೆ.

ಹುಚ್ಚೀರಯ್ಯ ಮಾತ್ರ ಅತ್ತಿಗೆಯ ಜೊತೆ ಮಾತು ಬಿಟ್ಟ. ಅವಳೂ ಮಾತಾಡಿಸಲು ಹೋಗಲಿಲ್ಲ.