ಉಳಿದ ಒಂದು ಡೆಂಟು

ನನಗೆ ಸಾಕ್ಷಿ ಇರಲಿಲ್ಲ.

ಡಯಾಲಿಸಿಸ್ ಕ್ಲಿನಿಕ್ಕಿಗೆ ರೋಗಿಗಳನ್ನು ಕರೆತರುವ ಡ್ರೈವರ್ ನಾನು. ಗುರುವಾರ ಬೆಳಿಗ್ಗೆ ಕ್ಲಿನಿಕ್ಕಿನ ಗೇಟಿನೊಳಗೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಅಜ್ಜಿಯೊಬ್ಬರನ್ನು ಇಳಿಸಿದ್ದೆ. ಅವರು ಊರುಗೋಲು ಊರಿಕೊಂಡು ಮೆಟ್ಟಿಲ ಕಡೆ ಹೊರಟಿದ್ದರು. ಅವರು ಮೆಟ್ಟಿಲು ಹತ್ತುವ ತನಕ ಕಾರು ತೆಗೆಯಬಾರದೆಂದು ನಾನು ಸೀಟಿನಲ್ಲೇ ಕೂತಿದ್ದೆ. ಆಗ ಒಬ್ಬ ಬೈಕಿನವನು ಕಾರಿಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ನುಗ್ಗಿದ. ಬೆಕ್ಕು ಕೂಡ ಒಮ್ಮೆ ಯೋಚಿಸಿ ನುಗ್ಗುವಂಥ ಸಂದಿ. ಕಾರಿನ ಎಡಮೈಗೆ ಹಿಂದಿನಿಂದ ಬಡಿಯುತ್ತ ಬಡಿಯುತ್ತ ಬಂದು ಬಾನೆಟ್ಟಿನ ಮುಂದೆ ಬಿದ್ದ. ಭುಜದ ಮೂಳೆ ಮುರಿಯಿತು. ಬಿದ್ದಲ್ಲಿಂದಲೇ, "ಈಯಮ್ಮ ಕಾರನ್ನ ಎಡಕ್ಕೆ ಎಳೆದ್ಲು!" ಎಂದು ಕೂಗಿದ.

ಅವನು ಕ್ಲಿನಿಕ್ಕಿನ ಕ್ಯಾಷಿಯರನ ತಮ್ಮ. ವಾಚ್‌ಮನ್ ಟೀ ಕುಡಿಯಲು ಹೋಗಿದ್ದ. ಗೇಟಿನ ಕ್ಯಾಮೆರಾ ಕೆಟ್ಟು ಯಾವ ಕಾಲವಾಗಿತ್ತೋ.

ಉಳಿದದ್ದು ಕಾರಿನ ಮೈಮೇಲಿನ ಐದು ಡೆಂಟು. ಹಿಂದಿನ ಚಕ್ರದ ಮೇಲೆ ಎರಡು, ಹಿಂದಿನ ಬಾಗಿಲಲ್ಲಿ ಎರಡು, ಮುಂದಿನ ಬಾಗಿಲಲ್ಲಿ ಒಂದು. ಹಿಂದಿನದರಲ್ಲಿ ಹೆಬ್ಬೆರಳು ಹುದುಗುತ್ತಿತ್ತು, ಮುಂದಿನದು ಕೈಯಾಡಿಸಿದರಷ್ಟೇ ತಿಳಿಯುತ್ತಿತ್ತು. ಅಂದರೆ ಪೆಟ್ಟು ಹಿಂದಿನಿಂದ ಶುರುವಾಗಿ ಮುಂದೆ ಬರುತ್ತ ಸೋತಿದೆ. ನಾನು ಎಡಕ್ಕೆ ಎಳೆದಿದ್ದರೆ ಮುಂದಿನ ಬಾಗಿಲೇ ಮೊದಲು ನಜ್ಜುಗುಜ್ಜಾಗಬೇಕಿತ್ತು. ಬೈಕಿನ ಹ್ಯಾಂಡಲ್ಲಿಗೆ ದಪ್ಪ ರಬ್ಬರ್ ಇದ್ದುದರಿಂದ ಬಣ್ಣ ಮಾತ್ರ ಎಲ್ಲೂ ಎದ್ದಿರಲಿಲ್ಲ.

ಕ್ಲಿನಿಕ್ಕಿನ ಗಾಡಿಗಳನ್ನು ನೋಡಿಕೊಳ್ಳುವ ಮ್ಯಾನೇಜರಿಗೆ ನಾವು ಡ್ರೈವರುಗಳು ಇಟ್ಟ ಹೆಸರು ಟೈಮ್‌ಟೇಬಲ್. ಅವರಿಗೆ ಫೋಟೋ ಕಳಿಸಿದೆ. ಬಿಳಿ ಕಾರು, ಬಿಸಿಲು.

"ಇದ್ರಲ್ಲಿ ಆಕಾಶ ಬಿಟ್ರೆ ಏನೂ ಕಾಣ್ತಿಲ್ಲಮ್ಮ," ಎಂದರು. "ಸೋಮವಾರ ನಾನೇ ಮನೆಗೆ ಬಂದು ನೋಡ್ತೀನಿ. ಅಲ್ಲೀತನಕ ಕೆಲಸಕ್ಕೆ ಬರ್ಬೇಡ. ಕಾರು ಹೇಗಿದ್ಯೋ ಹಾಗೇ ಇರ್ಲಿ."

ಅವರೂ ಒಂದು ಕಾಲದಲ್ಲಿ ಸ್ಟೇರಿಂಗ್ ಹಿಡಿದವರೇ. ಕಣ್ಣಾರೆ ನೋಡಿದರೆ ಸಾಕು, ನಾನು ವಿವರಿಸುವುದೂ ಬೇಕಿರಲಿಲ್ಲ. ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಊಟಕ್ಕೆ ಕೂತಾಗ ಇಬ್ಬರಿಗೂ ಸೇರಿಸಿ ಮತ್ತೆ ಹೇಳಿದೆ. ಗಂಡ ತಟ್ಟೆ ನೋಡುತ್ತ "ಹೂಂ" ಅಂದರು. ಅತ್ತೆ, "ಮನೆಗೇ ಬರ್ತಾರಾ? ಅಯ್ಯೋ, ಪರದೆ ಒಗೀಬೇಕಲ್ಲ," ಅಂದರು.

ಆಗಲೇ ನನಗೆ ಹೊಳೆಯಬೇಕಿತ್ತು. ಈ ಮನೆಗೊಂದು ರೋಗವಿದೆ. ಯಾರಾದರೂ ನೋಡಲು ಬರುತ್ತಾರೆಂದರೆ ಮುರಿದದ್ದನ್ನೆಲ್ಲ ಮುಚ್ಚಿಬಿಡುತ್ತಾರೆ. ಅಡುಗೆಮನೆಯ ಗೋಡೆ ನೀರಿಳಿದು ಹಸಿರುಗಟ್ಟಿದೆ ಎಂದು ಮನೆ ಮಾಲೀಕನ ಬೆನ್ನು ಬಿದ್ದು ಕರೆಸಿದ್ದೆವು. ಅವನು ಬರುವ ಹಿಂದಿನ ದಿನ ಅತ್ತೆ ಆ ಗೋಡೆಯನ್ನು ಉಜ್ಜಿ ತೊಳೆದು ಸುಣ್ಣ ಬಳಿದರು. ಮಾಲೀಕ ನೋಡಿ, "ಗೋಡೆ ನನ್ನ ಮನೇದಕ್ಕಿಂತ ಚೆನ್ನಾಗಿದೆ," ಎಂದು ಹೇಳಿ ಹೋದ. ಆ ಗೋಡೆ ಇವತ್ತಿಗೂ ಸೋರುತ್ತಿದೆ.

ಭಾನುವಾರ ನಾನು ಆ ಅಜ್ಜಿಯ ಮನೆಗೆ ಹೋದೆ. ಏನಾದರೂ ನೋಡಿದ್ದರೇನೋ ಎಂಬ ಆಸೆ. "ಬೆನ್ನು ಹಾಕಿದ್ದೆ ಮಗಳೇ. ಸದ್ದು ಕೇಳ್ತು, ಅಷ್ಟೇ. ಸುಳ್ಳು ಹೇಳು ಅಂದ್ರೆ ಹೇಳ್ಲಾ?" ಅಂದರು. ಬೇಡ ಅಂದೆ. ಡೆಂಟುಗಳಿವೆಯಲ್ಲ, ಸುಳ್ಳು ಯಾಕೆ?

ವಾಪಸ್ ಬಂದಾಗ ಮನೆಯ ಮುಂದೆ ಕಾರಿನ ಎರಡು ಬಾಗಿಲೂ ತೆರೆದಿದ್ದವು. ಒಳಗಿನ ಹೊದಿಕೆಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನೆಲದ ಮೇಲೆ ನನ್ನ ಕೂದಲು ಒಣಗಿಸುವ ಮಷಿನ್, ಬಚ್ಚಲು ಕಟ್ಟಿದಾಗ ಒತ್ತುವ ರಬ್ಬರ್ ಪಂಪು, ಬಟ್ಟೆ ಸುತ್ತಿದ ಮರದ ಸೌಟು. ಗಂಡ ಮಂಡಿಯೂರಿ ಬಾಗಿಲನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮೇಲಿನ ಮನೆಯ ಎಲೆಕ್ಟ್ರಿಷಿಯನ್ ಕೈಕಟ್ಟಿ ನಿಂತು, "ಗ್ಯಾರೇಜಿನವನೂ ಇಷ್ಟು ನೀಟಾಗಿ ಮಾಡಲ್ಲ ಬಿಡಿ," ಎನ್ನುತ್ತಿದ್ದ.

"ಬಾ, ಕೈ ಇಟ್ಟು ನೋಡು," ಅಂದರು ಗಂಡ. ಮುಖದ ತುಂಬ ಹಲ್ಲು. "ಎಲ್ಲಿತ್ತು ಹೇಳು ನೋಡೋಣ!"

ಕೈ ಇಟ್ಟೆ. ಚಕ್ರದ ಮೇಲೆ ಏನೂ ಇಲ್ಲ. ಹಿಂದಿನ ಬಾಗಿಲಲ್ಲಿ ಏನೂ ಇಲ್ಲ. ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸೊಟ್ಟಗಾದ ಫ್ರೇಮನ್ನು ಬಿಸಿಗಾಳಿಗೆ ಹಿಡಿದು ನೆಟ್ಟಗೆ ಮಾಡುವುದು ಅವರ ದಿನದ ಕೆಲಸ. ಕೈ ಒಳ್ಳೆಯದು. ಆ ಒಳ್ಳೆಯ ಕೈಯಿಂದ ತಗಡನ್ನು ಬಿಸಿ ಮಾಡಿ, ಒಳಗಿನಿಂದ ಸೌಟಿನಲ್ಲಿ ಒತ್ತಿ, ಹೊರಗಿನಿಂದ ಪಂಪಿನಲ್ಲಿ ಎಳೆದು ನನ್ನ ಸಾಕ್ಷಿಯನ್ನು ಒರೆಸಿ ಹಾಕಿದ್ದರು.

"ಯಾರು ಮುಟ್ಟು ಅಂದ್ರು?"

"ಮುಟ್ಟೋದೇನು, ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡೀದೆ..."

"ಯಾರು ಮುಟ್ಟು ಅಂದ್ರು ಅಂತ ಕೇಳ್ದೆ."

ಎಲೆಕ್ಟ್ರಿಷಿಯನ್ನಿಗೆ ತಟ್ಟನೆ ಮನೆ ನೆನಪಾಯಿತು. ಅತ್ತೆ ಟೀ ಲೋಟ ಹಿಡಿದು ಬಾಗಿಲಿಗೆ ಬಂದರು. "ಅವನ ಬೆನ್ನು ನೋಡೇ, ಬಿಲ್ಲಾಗಿದೆ. ಒಂದು ಒಳ್ಳೆ ಮಾತಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನನ್ನ ಗಂಟೇ ಹೋಗಿರೋದು ಅತ್ತೆ."

"ಸೌಟು ಕೊಟ್ಟಿದ್ದು ನಾನು. ನನ್ನನ್ನೂ ಬೈಯಿ."

"ನಿಮ್ದೂ ಸರದಿ ಬರುತ್ತೆ, ಇರಿ."

ಗಂಡ ಎದ್ದು ಹತ್ತಿರ ಬಂದರು. ದನಿ ತಗ್ಗಿಸಿದರು. "ನೀನು ಹೇಳಿದ್ದು ಮರೆತಿಲ್ಲ ಕಣೆ. ಆದ್ರೆ ಯೋಚ್ನೆ ಮಾಡು. ಡೆಂಟೇ ಇಲ್ಲ ಅಂದ್ರೆ ತಾಗೇ ಇಲ್ಲ ಅಂತಾಯ್ತಲ್ಲ? ಎಳೆದಿದ್ರೂ ಎಳೆದಿರ್ಬಹುದು, ಯಾರಿಗಾದ್ರೂ ಆಗುತ್ತೆ. ನಾನೇನು ಯಾರ ಹತ್ರಾನೂ ಹೇಳಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಅಂದ್ರೆ ನಾನೇ ಗುದ್ದಿದೆ ಅಂತ ನಿಮ್ಮ ಲೆಕ್ಕ."

"ಲೆಕ್ಕ ಅಲ್ಲ. ನೀನು ನನ್ನ ಹೆಂಡ್ತಿ, ಬಿಟ್ಟುಕೊಡೋಕಾಗುತ್ತಾ? ಅದಕ್ಕೇ ಮುಚ್ಚಿದೆ."

"ಮುಚ್ಚೋಕೆ ನಾನೇನು ಮಾಡಿದ್ದೆ? ನಿಂತಿದ್ದ ಕಾರು! ನಿನಗೆ ಹೇಳಿದ್ನಲ್ಲೋ, ನಿಂತಿದ್ದ ಕಾರು! ಊರಿಗೆಲ್ಲ ಕನ್ನಡಕ ಹಾಕ್ತೀಯ, ನಿನ್ನ ಕಣ್ಣಿಗೆ ಏನು ಮಣ್ಣು ಬಿದ್ದಿದೆ?"

ಮದುವೆಯಾದ ಮೇಲೆ ಮೊದಲ ಸಲ ನನ್ನ ಬಾಯಲ್ಲಿ ಅವನಿಗೆ ಏಕವಚನ ಬಂದಿತ್ತು. ನಾನು ಆ ಮಾತನ್ನು ಹಿಂದಕ್ಕೆ ತಗೊಳ್ಳಲಿಲ್ಲ.

"ಅಷ್ಟು ಬೇಕಿದ್ರೆ," ಎಂದ ಅವನು, ಅವಮಾನವಾದವನ ಹಾಗೆ, "ಮತ್ತೆ ಹೊಡೆದು ಕೊಡ್ತೀನಿ."

"ಹೊಡಿ. ಮೊದಲು ನನ್ನ ತಲೆಗೆ ಹೊಡಿ."

ಆಗ ನೋಡಿದೆ, ಒಂದು ಡೆಂಟು ಉಳಿದಿತ್ತು. ಮುಂದಿನ ಬಾಗಿಲಿನದು. ಒಳಗೆ ಕಬ್ಬಿಣದ ಅಡ್ಡಪಟ್ಟಿ ಇದ್ದುದರಿಂದ ಸೌಟು ಅಲ್ಲಿಗೆ ಹೋಗಿರಲಿಲ್ಲ. ಎಷ್ಟೋ ಸಲ ಪಂಪು ಹಾಕಿ ಎಳೆದಿದ್ದರಿಂದ ಅದು ಮೊದಲಿಗಿಂತ ಅಗಲವಾಗಿತ್ತು. ಐದೂ ಹೋಗಿದ್ದರೆ ಕಾರು ಮೂಕಿಯಾದರೂ ಆಗುತ್ತಿತ್ತು. ನಾಲ್ಕು ಹೋಗಿ ಮುಂದಿನದೊಂದೇ ಉಳಿದ ಕಾರು ಈಗ ಬಾಯಿಬಿಟ್ಟು ಬೈಕಿನವನ ಮಾತನ್ನೇ ಆಡುತ್ತಿತ್ತು.

ಸೋಮವಾರ ಟೈಮ್‌ಟೇಬಲ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಒಗೆದ ಪರದೆಯ ಕಡೆ ನೋಡಲೂ ಇಲ್ಲ, ನೇರ ಕಾರಿನ ಹತ್ತಿರ ಹೋದರು. ಬಗ್ಗಿ, ಒಂದು ಕಣ್ಣು ಮುಚ್ಚಿ, ಹಿಂದಿನಿಂದ ಓರೆಯಾಗಿ ನೋಡಿದರು. ಚಕ್ರದ ಮೇಲೆ ಅಂಗೈ ಸವರಿದರು.

"ಇಲ್ಲಿ ಕೆಲಸ ಆಗಿದೆ."

"ಮನೇಲೇ ಮಾಡಿದ್ದು ಸರ್," ಅಂದ ನನ್ನ ಗಂಡ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಒಂದು ಹೆಮ್ಮೆ ಇತ್ತು.

ನಾನು ಎಲ್ಲ ಹೇಳಿದೆ. ಎಲ್ಲೆಲ್ಲಿ ಎಷ್ಟೆಷ್ಟು ಆಳವಿತ್ತು ಎಂದು ಬೆರಳಿಟ್ಟು ತೋರಿಸಿದೆ. ನುಣ್ಣಗಿದ್ದ ತಗಡಿನ ಮೇಲೆ ನನ್ನ ಬೆರಳು ಜಾರುತ್ತಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

"ತಪ್ಪಿಲ್ಲ ಅಂದ್ಮೇಲೆ ಯಾಕಮ್ಮ ತೆಗೆಸ್ದೆ?"

"ನಾನು ತೆಗೆಸ್ಲಿಲ್ಲ ಸರ್."

"ನಾನು ನಂಬ್ತೀನಿ ಅಂತಲೇ ಇಟ್ಕೋ. ಮೇಲಿನವರಿಗೆ ಏನು ತೋರಿಸ್ಲಿ? ಇದನ್ನಾ?" ಮುಂದಿನ ಬಾಗಿಲಿನ ಡೆಂಟಿನ ಮೇಲೆ ಗೆಣ್ಣಿನಿಂದ ಕುಟ್ಟಿದರು. "ಬೈಕಿನ ಹುಡುಗ ಹೇಳಿದ್ದು ಇದನ್ನೇ."

ಅತ್ತೆ ಟೀ ತಂದರು. ಟೈಮ್‌ಟೇಬಲ್ ಕುಡಿಯಲಿಲ್ಲ. ನಿಂತಲ್ಲೇ ಫೋನ್ ತೆಗೆದು, ನನ್ನ ಆರೂ ರೋಗಿಗಳನ್ನು ಬೇರೆ ಡ್ರೈವರಿಗೆ ಹಾಕಿದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಗಂಡನ ಮುಖ ಚೆನ್ನಾಗಿ ನೋಡಿದರು.

ಅವರ ಬೈಕು ತಿರುವು ದಾಟುವ ತನಕ ನಾನು ಅಲ್ಲೇ ನಿಂತಿದ್ದೆ. ಗಂಡ ಒಳಗೆ ಹೋಗಿ ಬಂದ. ಕೈಯಲ್ಲಿ ಬಟ್ಟೆ ಸುತ್ತಿದ ಸೌಟು.

"ಉಳಿದದ್ದನ್ನೂ ತೆಗೆದುಬಿಡ್ಲಾ?" ಎಂದು ಕೇಳಿದ. "ಹೇಗೂ ನೋಡಿ ಹೋದ್ರಲ್ಲ."

ಸೌಟು ಕಿತ್ತುಕೊಂಡೆ. ಹೊಸ್ತಿಲಿನ ಅಂಚಿಗಿಟ್ಟು ಕಾಲಿನಿಂದ ತುಳಿದೆ. ಎರಡು ತುಂಡಾಯಿತು. "ಅಡುಗೆಗೆ ಅದೊಂದೇ ಇದ್ದದ್ದು!" ಎಂದು ಅತ್ತೆ ಒಳಗಿನಿಂದ ಕೂಗಿದರು.

ಹೋದದ್ದು ಇಷ್ಟು: ನಾಲ್ಕು ಡೆಂಟು, ಆರು ರೋಗಿಗಳು, ಒಂದು ಕೆಲಸ, ಒಂದು ಸೌಟು.