ಗುಡ್ಡದ ಮುನಿಸಮ್ಮ

ನನ್ನ ಓರಗಿತ್ತಿಯನ್ನು ನಾನು ತಂಗಿ ಅಂತಲೇ ತಿಳಿದವಳು. ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತು. ಹಿತ್ತಲಿಗೆ ಮಾತ್ರ ಗೋಡೆ ಬೇಡವೇ ಬೇಡ ಅಂತ ಹಟ ಹಿಡಿದವಳು ನಾನೇ. ಎಂಥ ಪೆದ್ದಿ ನೋಡಿ!

ಅವಳ ಕಡೆಯ ಹಿತ್ತಲು ಇಸ್ತ್ರಿ ಹಾಕಿದ ಅಂಗಿಯ ಹಾಗೆ, ಮಡಿಕೆಗೊಂದು ಕುಂಡ. ಒಂದು ಕಳೆ ತಲೆ ಎತ್ತಿದರೆ ಅವಳಿಗೆ ನಿದ್ದೆ ಬರೊಲ್ಲ. ನನ್ನ ಕಡೆ ಹುಲ್ಲು ಮೊಣಕಾಲುದ್ದ, ಅದರ ನಡುವೆ ಯಾರೂ ನೆಡದ, ಯಾರೂ ಮಾರದ ಕಾಡುಹೂಗಳು. ರವಿಕೆ ಹೊಲಿಸೋಕೆ ಬಂದವರು, "ಏನ್ ಟೈಲರಮ್ಮ, ಹಸು ಕಟ್ಟೋ ಯೋಚನೆನಾ?" ಅಂತ ಕಿಚಾಯಿಸೋರು. "ಇಲ್ಲ, ನೀವು ಬರ್ತೀರಲ್ಲ ಅಂತ ಬೆಳೆಸಿದೀನಿ" ಅನ್ನುತ್ತಿದ್ದೆ.

ದಿನಾ ಬೆಳಿಗ್ಗೆ, ನಾನು ಹೊಲಿಗೆ ಮೆಷಿನ್ ಮುಂದೆ ಕೂರುವ ಮೊದಲು, ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಚೀಟಿ ಬರೆಯೋಕೆ ಓಡುವ ಮೊದಲು, ಇಬ್ಬರೂ ಇಟ್ಟಿಗೆ ಗೂಡಿನ ಹಿಂದಿನ ಗುಡ್ಡ ಹತ್ತುತ್ತಿದ್ದೆವು. ಗೂಡು ಮುಚ್ಚಿ ವರ್ಷಗಳೇ ಆಗಿವೆ. ಹೋದ ವರ್ಷ ಮೊದಲ ಮಳೆ ಬಿದ್ದ ಮೇಲೆ, ಅಲ್ಲಿ ಹುಲ್ಲಿನ ಮಧ್ಯೆ ಉಗುರಿನಷ್ಟು ಅಗಲದ ನೀಲಿ ಹೂ ಕಂಡೆ. ಒಳಗೆ ಹಳದಿ ಚುಕ್ಕೆ. ಅಷ್ಟು ವರ್ಷ ಅದೇ ದಾರೀಲಿ ನಡೆದಿದ್ದೇವೆ, ಒಂದು ದಿನವೂ ಕಂಡಿರಲಿಲ್ಲ.

"ಬಾರೇ ಇಲ್ಲಿ, ಬೇಗ ಬಾರೇ!" ಅಂತ ಕೂಗಿದೆ.

ಅವಳು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಬಿಸಿಲು ತಾಗಿತು, ಹೂ ಮುಚ್ಚಿಕೊಂಡಿತು. "ಅಯ್ಯೋ, ಇದೂ ನಿನ್ನ ಹಾಗೇ ಅಕ್ಕಾ, ಮೂಗಿನ ತುದೀಲೇ ಕೋಪ" ಅಂತ ನಕ್ಕಳು. ಮುನಿಸಮ್ಮ ಅಂತ ಹೆಸರಿಟ್ಟವಳೂ ಅವಳೇ. ಸುತ್ತಲೆಲ್ಲ ಹುಡುಕಿದೆವು. ಆ ಇಳಿಜಾರು ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ. ಗೊತ್ತಾದ್ರೆ ಜನ ಕಿತ್ಕೊಂಡು ಹೋಗ್ತಾರೆ" ಅಂದೆ.

"ನಿನ್ನಾಣೆ ಅಕ್ಕಾ" ಅಂದಳು.

ಮಣ್ಣು ಕುಸಿದ ಕಡೆ ಬೇರು ಕಾಣುತ್ತಿತ್ತು. ಬಗ್ಗಿ ತೋರಿಸಿದೆ. "ನೋಡು, ಇದರ ಬೇರು ಹುಲ್ಲಿನ ಬೇರನ್ನೇ ಕಚ್ಕೊಂಡಿದೆ. ಹುಲ್ಲು ಬಿಟ್ರೆ ಇದು ಬದುಕಲ್ಲ." ಅವಳು ಫೋನಿನಲ್ಲಿ ಫೋಟೋ ತೆಗೀತಾ ಹೂಂ ಹೂಂ ಅಂದಳು.

ಆಮೇಲೆ ನನಗೆ ಜ್ವರ ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಒಡಹುಟ್ಟಿದವರೂ ಅಷ್ಟು ನೋಡಿಕೊಳ್ಳೊಲ್ಲ. ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಕಾಲೊತ್ತಿದಳು. "ಗುಡ್ಡಕ್ಕೆ ಹೋಗ್ತಿದೀಯಾ? ಮುನಿಸಮ್ಮ ಹೇಗಿದಾಳೆ?" ಅಂತ ಕೇಳಿದರೆ, "ಚೆನ್ನಾಗಿದಾಳೆ ಅಕ್ಕಾ, ನಿನ್ನೇ ಕೇಳ್ತಿದ್ಲು" ಅಂದಳು. ಆ ಜ್ವರದಲ್ಲೂ ನಕ್ಕುಬಿಟ್ಟೆ.

ಕಾಲಿಗೆ ಶಕ್ತಿ ಬಂದ ದಿನವೇ ಒಬ್ಬಳೇ ಗುಡ್ಡ ಹತ್ತಿದೆ. ಇಳಿಜಾರಿನ ತುಂಬಾ ಗುಂಡಿ. ಒಂದೇ ಒಂದು ಗಿಡ ಉಳಿದಿರಲಿಲ್ಲ. ಮೇಕೆ ಹೀಗೆ ಅಗೆಯೊಲ್ಲ. ಅಂಚು ಕತ್ತರಿಸಿದ ಹಾಗೆ ದುಂಡಗಿನ ಗುಂಡಿಗಳು, ತೋಟದ ಕೆಲಸ ಬಲ್ಲ ಕೈ ತೋಡಿದ್ದು. ಆಗಲೂ ನನಗೆ ಅನುಮಾನ ಬರಲಿಲ್ಲ, ನೋಡಿ! ಯಾರೋ ಹಾಳಾದವರು ಹೀಗೆ ಮಾಡಿದಾರೆ ಅಂತ ಅವಳ ಹತ್ತಿರವೇ ಅಳೋಣ ಅಂತ ಓಡಿಬಂದೆ.

ಅವಳ ಹಿತ್ತಲ ಕಲ್ಲುಬೆಂಚಿನ ಮೇಲೆ ಸಾಲಾಗಿ ಕುಂಡಗಳಿದ್ದವು. ಜರಡಿ ಹಿಡಿದ ಮಣ್ಣು. ಒಂದೆಳೆ ಹುಲ್ಲಿಲ್ಲ. ಎಲ್ಲದರಲ್ಲೂ ಮುನಿಸಮ್ಮ, ಕತ್ತು ಬಾಗಿಸಿಕೊಂಡು.

"ಏನೇ ಇದು?"

"ಅಕ್ಕಾ... ನೀನು ಎದ್ದ ಮೇಲೆ ತೋರಿಸಿ ಖುಷಿಪಡಿಸೋಣ ಅಂತ."

"ಮಳ್ಳಿ ಥರ ಆಡ್ಬೇಡ. ನಿಜ ಹೇಳು."

ತಲೆ ತಗ್ಗಿಸಿದಳು. ಅದೇನೋ ತೋಟದ ಸ್ಪರ್ಧೆಯಂತೆ, ಡಾಕ್ಟರ ಹೆಂಡತಿ ಭಾನುವಾರ ಮನೆಮನೆಗೆ ಬಂದು ತೋಟ ನೋಡುತ್ತಾರಂತೆ. ಬೇರೆ ಯಾರ ಹತ್ತಿರವೂ ಇಲ್ಲದ ಹೂ ಇಟ್ಟರೆ ಬಹುಮಾನ ಖಂಡಿತವಂತೆ. ಫೋಟೋ ಆಗಲೇ ತೋರಿಸಿಯಾಗಿತ್ತು. "ಗುಡ್ಡದ ಮೇಲೆ ಅದನ್ನ ಯಾರು ನೋಡ್ತಾರೆ ಅಕ್ಕಾ?" ಅಂದಳು.

"ನಾವು ನೋಡ್ತಿದ್ವಲ್ಲೇ!" ಅಂದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?

"ಬೈಯೋದು ಆಮೇಲೆ ಬೈಯಿ. ಎಲ್ಲಾ ಬಾಡ್ತಿವೆ. ನೀರು ಹಾಕಿದೆ, ನೆರಳಲ್ಲಿಟ್ಟೆ. ಇನ್ನೇನು ಮಾಡ್ಲಿ ಹೇಳು."

ಹೇಳಬಾರದು ಅನ್ನಿಸಿತು. ಭಾನುವಾರ ಒಣಕಲು ಕಡ್ಡಿ ಇಟ್ಟುಕೊಂಡು ಡಾಕ್ಟರ ಹೆಂಡತಿ ಮುಂದೆ ಹಲ್ಲು ಕಿರಿಯಲಿ ಅನ್ನಿಸಿತು. ಆದರೆ ಆ ಹೂ ಏನು ಪಾಪ ಮಾಡಿತ್ತು? ನನ್ನ ಹಿತ್ತಲಿನ ಹುಲ್ಲನ್ನು ಬೇರು ಮಣ್ಣಿನ ಸಮೇತ ಎಬ್ಬಿಸಿ ತಂದೆ. ಒಂದೊಂದು ಗಿಡವನ್ನೂ ಅದರೊಳಗೆ ಕೂರಿಸಿದೆ.

"ಹುಲ್ಲಾ?" ಅಂತ ಮೂಗು ಮುರಿದಳು. ಆಮೇಲೆ, "ಇದನ್ನ ಮೊದಲೇ ಹೇಳ್ಬಾರದಿತ್ತಾ ಅಕ್ಕಾ?" ಅಂದಳು.

ನಾನು ಕೈಯ ಮಣ್ಣು ಕೊಡವಿಕೊಂಡು ನನ್ನ ಕಡೆಗೆ ನಡೆದೆ.

ಗಿಡಗಳು ಒಂದೂ ಉಳಿಯಲಿಲ್ಲ. ಭಾನುವಾರ ಆ ಜಾಗದಲ್ಲಿ ಗುಲಾಬಿ ಕುಂಡ ಇಟ್ಟಳು. ಬಹುಮಾನ ಬೇರೆ ಬಂತು.

ನಾನು ಜಗಳ ಆಡಲಿಲ್ಲ. ಬೆಳಿಗ್ಗೆ ಅವಳನ್ನು ಕರೆಯುವುದನ್ನು ಮಾತ್ರ ಬಿಟ್ಟೆ. ಈ ವರ್ಷ ಮಳೆ ಬಿದ್ದ ಮೇಲೆ ಒಬ್ಬಳೇ ಹೋದೆ. ಇಳಿಜಾರಿನಲ್ಲಿ ಬರೀ ಹುಲ್ಲು. ಮನಸ್ಸು ಕೇಳದೆ ಗೂಡಿನ ಹಿಂಭಾಗಕ್ಕೆ ಸುತ್ತಿಕೊಂಡು ಹೋದೆ. ಅಲ್ಲಿ ಬಿದ್ದ ಗೋಡೆಯ ಸಂದಿಯಲ್ಲಿ, ಹುಲ್ಲಿನ ನಡುವೆ, ನೀಲಿ! ನಾಲ್ಕೈದೇ ಗಿಡ, ಎಲ್ಲದರಲ್ಲೂ ಹೂ.

"ಬಾರೇ ಇಲ್ಲಿ" ಅಂತ ಬಾಯಿಗೆ ಬಂತು. ತಿರುಗಿ ನೋಡಿದರೆ ಯಾರೂ ಇಲ್ಲ. ಅದು ಮುಚ್ಚಿಕೊಳ್ಳುವ ತನಕ ಅಲ್ಲೇ ಕುಕ್ಕುರುಗಾಲಲ್ಲಿ ಕೂತು, ಅತ್ತು ಎದ್ದು ಬಂದೆ.

ಅವಳು ಹಿತ್ತಲಲ್ಲಿ ಗುಲಾಬಿಗೆ ನೀರು ಹಾಕುತ್ತಿದ್ದಳು. ನನ್ನ ಚಪ್ಪಲಿಯ ಕೆಂಪು ಧೂಳು ನೋಡಿದಳು. "ಅಕ್ಕಾ, ಮುನಿಸಮ್ಮ ಎಲ್ಲಾದ್ರೂ ಕಾಣಿಸಿದ್ಲಾ?" ಕಣ್ಣಲ್ಲಿ ನೀರಿತ್ತು, ನಾಟಕವಲ್ಲ, ನನಗೆ ಗೊತ್ತಾಗುತ್ತದೆ.

"ಇಲ್ಲ ಕಣೇ" ಅಂದೆ.

ಈ ಮನೆ ಹೊಕ್ಕ ಮೇಲೆ ನಾನು ಅವಳಿಗೆ ಹೇಳಿದ ಮೊದಲ ಸುಳ್ಳು ಅದು. ಒಂದೇ ಮಾತಿಗೆ ನಂಬಿಬಿಟ್ಟಳು.