ಹಿಂದಿನ ಸೀಟು

“ತಡೀರಿ, ತಡೀರಿ, ಹಾಗೆ ಎಳೀಬೇಡಿ,” ಎನ್ನುತ್ತ ಸೊಸೆ ಗಂಡಸರ ನಡುವೆ ನುಗ್ಗಿದಳು.

ಅವರು ಬಾಗಿಲ ಬಳಿಯ ಇಕ್ಕಟ್ಟಾದ ಓಣಿಯಲ್ಲಿ ನಿಂತಿದ್ದ ಪುಟ್ಟ ಮೋಟಾರ್‌ಸೈಕಲ್ಲನ್ನು ಹೊರಗೆ ಸಾಗಿಸಲು ಹೆಣಗುತ್ತಿದ್ದರು. ಒಬ್ಬ ಹ್ಯಾಂಡಲ್ ಜಗ್ಗುತ್ತಿದ್ದ, ಇನ್ನೊಬ್ಬ ಹಿಂದಿನಿಂದ ನೂಕುತ್ತಿದ್ದ. ಮುಂದಿನ ಚಕ್ರ ಮಾತ್ರ ಗೋಡೆಯನ್ನು ಕಚ್ಚಿಕೊಂಡು ಕೂತಿತ್ತು. ದಾರಿ ಬಿಡದೆ ಒಳಗಿನ ಕೋಣೆಯಿಂದ ಅತ್ತೆಯ ದೇಹವನ್ನು ಹೊರಗೆ ತರುವ ಹಾಗಿರಲಿಲ್ಲ.

ಸೊಸೆ ತೋಳು ಮಡಚಿ, ಸೀಟಿನ ಹಿಂದಿನ ಕಬ್ಬಿಣದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಎತ್ತಿದಳು. ಗಾಡಿಯ ಹಿಂಭಾಗ ಮೇಲೆದ್ದು, ಅರ್ಧ ಸುತ್ತು ತಿರುಗಿ, ಬಾಗಿಲಿಗೆ ಮುಖ ಮಾಡಿ ನಿಂತಿತು.

“ಅಬ್ಬಬ್ಬಾ, ಇಷ್ಟು ಹಗುರಾನಾ ಇದು?” ಎಂದ ಪಕ್ಕದ ಮನೆಯ ಗಡಿಯಾರ ರಿಪೇರಿಯವನು.

“ಅದಕ್ಕೇ ಅತ್ತೆ ಇದನ್ನ ಮಿಡತೆ ಅಂತಿದ್ದದ್ದು.”

“ಮಿಡತೆಯಂತೆ ಮಿಡತೆ!” ಒಳಬಾಗಿಲಿನಿಂದ ದನಿ ಬಂತು. ಬೆಳಿಗ್ಗೆಯಷ್ಟೇ ದೂರದ ಊರಿನಿಂದ ಬಂದಿಳಿದಿದ್ದ ನಾದಿನಿ, ಅಂದರೆ ಗಂಡನ ಅಕ್ಕ. ಅತ್ತು ಅತ್ತು ಅವಳ ಮುಖ ಬಾತುಹೋಗಿತ್ತು. “ಅರವತ್ತು ದಾಟಿದ ಹೆಂಗಸನ್ನ ಡ್ರೈವರ್ ಮಾಡ್ಕೊಂಡು ತಿರುಗಿದ್ದಾಯ್ತು. ದಿನಾ ಧೂಳು, ಬಿಸಿಲು, ಲಾರಿ ಹೊಗೆ. ಅಮ್ಮನ ಮಂಡಿ ಸವೆದದ್ದು ಸುಮ್ಮನೆ ಅಲ್ಲ. ಇವತ್ತಾದ್ರೂ ಇದನ್ನ ಎಲ್ಲಾದ್ರೂ ಕಣ್ಣಿಗೆ ಕಾಣದ ಕಡೆ ಇಡಬಾರದಿತ್ತಾ?”

ಗಂಡ ಏನೋ ಹೇಳಲು ಬಾಯಿ ತೆರೆದ. ಸೊಸೆ ಕಣ್ಣಲ್ಲೇ ಬೇಡವೆಂದು, ಗಾಡಿಯನ್ನು ಅಂಗಳದ ಮೂಲೆಗೆ ತಳ್ಳಿಕೊಂಡು ಹೋದಳು. ಡ್ರೈವರ್ ಎಂಬ ಮಾತು ಮಾತ್ರ ಬಟ್ಟೆಗಂಟಿದ ಮುಳ್ಳಿನ ಹಾಗೆ ಜೊತೆಗೇ ಬಂತು.

ಜನ ಬರತೊಡಗಿದ್ದರು. ಅತ್ತೆ ಒಬ್ಬ ಹಲ್ಲಿನ ಡಾಕ್ಟರ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟುಗಳನ್ನು ತಯಾರಿಸುತ್ತಿದ್ದವರು. ಊರಿನ ಅರ್ಧಕ್ಕರ್ಧ ವಯಸ್ಸಾದವರ ನಗು ಆಕೆಯ ಕೈಯಿಂದಲೇ ಹೊರಟದ್ದು. ಹಾಗಾಗಿ ಎಲ್ಲರ ಬಾಯಲ್ಲೂ ಆಕೆ ‘ಹಲ್ಲಮ್ಮ’. ಹಿಂದಿನ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತ ಕಣ್ಣು ಮುಚ್ಚಿದವರು ಮತ್ತೆ ತೆರೆಯಲಿಲ್ಲ. ನರಳಾಟವಿಲ್ಲ, ಯಾರನ್ನೂ ಕೂಗಿದ್ದಿಲ್ಲ.

ನಿವೃತ್ತ ಬಸ್ ಕಂಡಕ್ಟರೊಬ್ಬರು ಆಕೆಯ ತಲೆಯ ಬಳಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಅಕ್ಕಪಕ್ಕದವರಿಗೆ ಬಾಯಿ ತೆರೆದು ತೋರಿಸಿದರು. “ನೋಡಿ, ಇಷ್ಟು ಅತ್ತರೂ ಒಂದು ಹಲ್ಲು ಕದಲಿಲ್ಲ. ಮೊದಲಿನ ಸೆಟ್ಟು ಸೀನಿದರೆ ಮಡಿಲಿಗೆ ಬೀಳ್ತಿತ್ತು!”

ಸುತ್ತ ನಿಂತವರು ನಗು ನುಂಗಲಾರದೆ ತಲೆ ತಗ್ಗಿಸಿದರು.

“ನಾನು ಎಷ್ಟು ಸಲ ಹೇಳಿದೆ,” ಎಂದರು ಹಲ್ಲಿನ ಡಾಕ್ಟರು. “ಲ್ಯಾಬಿನ ಮೇಲಿನ ಮನೆ ಖಾಲಿ ಇದೆ, ಬಂದು ಇದ್ದುಬಿಡಿ, ಓಡಾಟ ತಪ್ಪುತ್ತೆ ಅಂತ. ‘ಓಡಾಟ ತಪ್ಪಿಸಿ ಏನ್ ಮಾಡ್ಲಿ ಡಾಕ್ಟ್ರೇ? ನಾನು ಕೆಲಸ ಬಿಡದೇ ಇರೋದೇ ಅದಕ್ಕೆ’ ಅಂದ್ರು. ಆಮೇಲೆ ಇಡೀ ದಾರಿ ವರ್ಣನೆ ಮಾಡಿದ್ರು ನೋಡಿ, ಎರಡು ರೋಗಿಗಳು ಬಾಯಿ ತೆರೆದುಕೊಂಡೇ ಕಾದರು.”

“ಯಾರು, ಅಮ್ಮನಾ?” ನಾದಿನಿ ತಲೆಯೆತ್ತಿದಳು. “ನಮ್ಮಮ್ಮ ಅಷ್ಟು ಮಾತಾಡ್ತಿದ್ರಾ?”

ಅವಳು ಸೊಸೆಯ ಕಡೆಗೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಈಗ ಸಿಟ್ಟಿಗಿಂತ ಬೇರೆ ಏನೋ ಇತ್ತು.

*

ಮದುವೆಯಾದ ಹೊಸತರಲ್ಲಿ ಸೊಸೆಗೆ ಅತ್ತೆಯೆಂದರೆ ಎದೆ ಡವಡವ. ಮನೆಯಲ್ಲಿ ಆಕೆಯ ಮಾತು ತೂಕ ಮಾಡಿ ಇಟ್ಟ ಹಾಗೆ. “ನಲ್ಲಿ ತೊಟ್ಟಿಕ್ತಿದೆ.” “ಕಿಟಕಿ ಹಾಕು.” ಊಟಕ್ಕೆ ಕೂತರೆ “ಉಪ್ಪು.” ಅಷ್ಟೆ. ಹೆಚ್ಚಾಯಿತೋ ಕಡಿಮೆಯಾಯಿತೋ ಸೊಸೆಯೇ ಊಹಿಸಿಕೊಳ್ಳಬೇಕು.

ಸೊಸೆಗೆ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಕಾರ್ಖಾನೆಯಲ್ಲಿ ಕೆಲಸ. ಎರಡು ಬಸ್ಸು ಬದಲಿಸಿ ಹೋಗಬೇಕು. ಒಂದು ಬೆಳಿಗ್ಗೆ ಬಸ್ಸಿನ ಸುಳಿವೇ ಇಲ್ಲ. ನಿಲ್ದಾಣದಲ್ಲಿ ಉಗುರು ಕಚ್ಚುತ್ತ ನಿಂತಿದ್ದವಳ ಮುಂದೆ ಮಿಡತೆ ಬಂದು ನಿಂತಿತು.

“ಹತ್ತು,” ಎಂದರು ಅತ್ತೆ.

ಹತ್ತದೆ ಇರುವುದು ಹೇಗೆ? ಸೀಟಿನ ತುದಿಯಲ್ಲಿ ಮೈ ಹಿಡಿಮಾಡಿಕೊಂಡು ಕೂತಳು. ಇಳಿಜಾರು ಶುರುವಾಗಿ ಮೊದಲ ತಿರುವು ದಾಟಿದ್ದೇ ತಡ, ಮುಂದೆ ಬೇರೆ ಯಾರೋ ಕೂತಿದ್ದಾರೇನೋ ಅನ್ನಿಸಿತು.

“ಮೂಗು ತೆರೆದಿಟ್ಕೋ, ಈಗ ಬಿಸ್ಕತ್ ಕಾರ್ಖಾನೆ ಬರುತ್ತೆ! ಬಂತಾ? ಬಂತಾ ವಾಸನೆ?” ಹೆಲ್ಮೆಟ್ಟಿನೊಳಗಿಂದ ಅತ್ತೆ ಕೂಗಿದರು. “ಇನ್ನು ಕಾಲುವೆ. ಅಲ್ಲಿ ಗಾಳಿ ಪಟ್ಟಂತ ತಣ್ಣಗಾಗುತ್ತೆ, ಕೆನ್ನೆಗೆ ಒದ್ದೆ ಬಟ್ಟೆ ಇಟ್ಟ ಹಾಗೆ. ಅಗೋ, ಆ ಬಾತುಕೋಳಿಗಳು! ದಿನಾ ನನ್ನ ಕಂಡ ಮೇಲೇ ರಸ್ತೆ ದಾಟಬೇಕು ಅಂತ ಅವುಗಳ ಹಟ!”

ಪೇಟೆಯಲ್ಲಿ ಕಾರುಗಳೂ ಲಾರಿಗಳೂ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮಿಡತೆ ಹೊಲಿಗೆಯ ಸೂಜಿಯಂತೆ ಅವುಗಳ ನಡುವೆ ಒಳಗೆ ಹೊಕ್ಕು ಆಚೆ ಹೊರಟಿತು. ಅದರ ಸದ್ದೂ ಹೊಲಿಗೆ ಯಂತ್ರದ್ದೇ. ಒಂದು ಕಡೆ ಚರಂಡಿ ಅಗೆದಿದ್ದರು. ಅತ್ತೆ ಇಳಿದು, ಗಾಡಿಯ ಮುಂಭಾಗವನ್ನು ಆಚೆ ದಾಟಿಸಿ, “ಹಿಂದೆ ನೀನು ಎತ್ತು” ಎಂದರು. ಎತ್ತಿದಳು. ಇಬ್ಬರೂ ಮತ್ತೆ ಹತ್ತಿದರು.

ಕಾರ್ಖಾನೆಯ ಗೇಟಿನಲ್ಲಿ ಇಳಿದಾಗ ಸೊಸೆಯ ಕೂದಲು ಹಕ್ಕಿಗೂಡಾಗಿತ್ತು. “ಕಾರಿನಲ್ಲಿ ಹೋದರೆ ಊರು ಕಾಣುತ್ತೆ ಕಣೇ,” ಎಂದರು ಅತ್ತೆ. “ಇದರಲ್ಲಿ ಹೋದರೆ ಮೈಗೆ ತಾಗುತ್ತೆ. ಸಂಜೆ ಇಲ್ಲೇ ನಿಂತಿರು.”

ಅವತ್ತಿನಿಂದ ಅದೇ ರೂಢಿಯಾಯಿತು. ಮನೆಯಲ್ಲಿ ಅತ್ತೆ ಅತ್ತೆಯೇ. ಕಿಕ್ ಹೊಡೆದು ಎಂಜಿನ್ ಹತ್ತಿಕೊಂಡ ಕೂಡಲೇ ಗೆಳತಿ. ಹಿಂದಿನ ಸೀಟಿನಿಂದ ಸೊಸೆಯೂ ಮನಸ್ಸು ಬಿಚ್ಚತೊಡಗಿದಳು. ಮುಖ ನೋಡದೆ ಆಡುವ ಮಾತಿಗೆ ಅಂಜಿಕೆಯಿಲ್ಲ. “ನಿಮ್ಮ ಮಗ ಗೊರಕೆ ಹೊಡೀತಾರೆ” ಎಂದು ಅವಳು ದೂರಿದ್ದು ಬೆನ್ನಿಗೇ. “ಅವರಪ್ಪನೂ ಅಷ್ಟೇ. ಮಗ್ಗುಲಿಗೆ ತಿರುಗಿಸಿ ದಿಂಬು ಒತ್ತು” ಎಂಬ ಪರಿಹಾರ ಬಂದದ್ದೂ ಬೆನ್ನಿನಿಂದಲೇ.

ಮುಂದೆ ಮಗ ಕಾರು ಕೊಂಡ. ಇಬ್ಬರನ್ನೂ ತಾನೇ ಬಿಡುತ್ತೇನೆಂದು ಹಟ ಹಿಡಿದ. ಒಂದು ಬೆಳಿಗ್ಗೆ ಹೋದರು. ಕಿಟಕಿಗಳು ಮುಚ್ಚಿದ್ದವು, ಬಿಸ್ಕತ್ತಿನ ವಾಸನೆ ಬರಲಿಲ್ಲ, ಪೇಟೆಯಲ್ಲಿ ಕಾರು ನಿಂತಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂತ ಅತ್ತೆ ಸೊಸೆಗೆ ಆಡಲು ಒಂದು ಮಾತೂ ಹೊಳೆಯಲಿಲ್ಲ. ಮರುದಿನ ಮಗ ಎದ್ದು ಕಾರಿನ ಕೀಲಿ ಹುಡುಕುವಷ್ಟರಲ್ಲಿ ಮಿಡತೆಯ ಸದ್ದು ಇಳಿಜಾರಿನ ಕೆಳಗೆ ಕೇಳುತ್ತಿತ್ತು.

*

ಅತ್ತೆಯನ್ನು ಹೊತ್ತ ವ್ಯಾನು ಹೊರಟಿತು. ಅದರ ಹಿಂದೆ ಡಾಕ್ಟರ ಕಾರು, ಅದರ ಹಿಂದೆ ಉಳಿದವರು. ಮನೆಗೆ ಬೀಗ ಹಾಕಿ ಮಿಡತೆಯಲ್ಲಿ ಬರುತ್ತೇನೆಂದು ಸೊಸೆ ಗಂಡನಿಗೆ ಮೊದಲೇ ಹೇಳಿದ್ದಳು. ಬೀಗ ಕೈಗೆತ್ತಿಕೊಂಡಾಗ ಮೇಲಿನ ಮಹಡಿಯಲ್ಲಿ ಬೀರು ತೆರೆಯುವ ಸದ್ದಾಯಿತು.

ನಾದಿನಿ ಒಂದು ಬೂದು ಶಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. “ಅಮ್ಮನ ಕಾಲು ತಣ್ಣಗಿತ್ತು. ಹೊದಿಸೋಣ ಅಂತ…” ಖಾಲಿ ಅಂಗಳ ನೋಡಿ ಅಲ್ಲೇ ನಿಂತಳು. “ಹೋಗ್ಬಿಟ್ರಾ?”

ವ್ಯಾನಿನವರು ಅವಳು ಕಾರಿನಲ್ಲಿದ್ದಾಳೆಂದುಕೊಂಡಿದ್ದರು, ಕಾರಿನವರು ವ್ಯಾನಿನಲ್ಲಿ. ಸೊಸೆ ಗಂಡನಿಗೆ ಫೋನು ಮಾಡಿದಳು. ಅದು ಮನೆಯೊಳಗೇ, ಮೇಜಿನ ಮೇಲೆ ರಿಂಗಾಯಿತು.

ನಾದಿನಿ ಕುಸಿದು ಮೆಟ್ಟಿಲ ಮೇಲೆ ಕೂತಳು. “ನನ್ನ ಹಣೆಬರಹವೇ ಇಷ್ಟು. ಬದುಕಿದ್ದಾಗಲೂ ಹತ್ತಿರ ಇರ್ಲಿಲ್ಲ, ಈಗಲೂ ಇಲ್ಲ.”

ಸೊಸೆ ಅಂಗಳಕ್ಕೆ ಹೋಗಿ, ಕಿಕ್ ಹೊಡೆದು, ಮಿಡತೆಯನ್ನು ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿದಳು. ಅತ್ತೆಯ ಹೆಲ್ಮೆಟ್ಟನ್ನು ನಾದಿನಿಯ ಕೈಗಿಟ್ಟಳು.

“ಹತ್ತಿ ಅಕ್ಕಾ.”

“ನನಗೆ ಭಯ. ನಾನು ಯಾವತ್ತೂ ಇದರ ಮೇಲೆ ಕೂತಿಲ್ಲ. ಅಮ್ಮ ಇದನ್ನ ತಗೊಂಡದ್ದೇ ನನ್ನ ಮದುವೆ ಆದ ಮೇಲೆ.”

“ನನ್ನನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಸಾಕು.”

ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡುವ ಅಗತ್ಯವೇ ಬೀಳಲಿಲ್ಲ. ತಾಯಿಯದೂ ಮಗಳದೂ ಒಂದೇ ಅಳತೆಯ ತಲೆ.

*

ಅತ್ತೆಯ ಮಂಡಿ ಕೈಕೊಟ್ಟದ್ದು ಹಿಂದಿನ ವರ್ಷ. ಇನ್ನು ಕಿಕ್ ಹೊಡೆಯುವ ಹಾಗಿಲ್ಲ ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಎರಡು ದಿನ ಆಕೆ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಸೊಸೆಯನ್ನು ಖಾಲಿ ಮೈದಾನಕ್ಕೆ ಕರೆದೊಯ್ದು, ಕೀಲಿ ಕೈಗೆ ಕೊಟ್ಟು, “ಬೀಳು, ಪರವಾಗಿಲ್ಲ. ಇದರ ಕೆಳಗೆ ಸಿಕ್ಕಿದ ಯಾರೂ ಸತ್ತಿಲ್ಲ” ಎಂದರು. ಸೊಸೆ ಬಿದ್ದಳು. ಎದ್ದಳು. ಕಲಿತಳು.

ಸೀಟು ಬದಲಾದ ಮೊದಲ ಬೆಳಿಗ್ಗೆ ಸೊಸೆಗೆ ಅಳುಕು. ಇಷ್ಟು ವರ್ಷ ಸಾರಥಿಯಾಗಿದ್ದವರನ್ನು ಹಿಂದೆ ಕೂರಿಸಿಕೊಂಡು ಹೋಗುವುದು ಹೇಗೆ? ಕಾಲುವೆಯ ತನಕ ಹಿಂದಿನಿಂದ ಉಸಿರೇ ಇಲ್ಲ. ನೊಂದುಕೊಂಡರೇನೋ ಎಂದು ಅವಳು ವೇಗ ತಗ್ಗಿಸಿದಳು.

“ಅಯ್ಯೋ ನನ್ನ ಪೆದ್ದುತನವೇ!” ಕಿವಿಯ ಹತ್ತಿರವೇ ಅತ್ತೆಯ ಕೂಗು. “ಇಷ್ಟು ವರ್ಷ ಬರೀ ರಸ್ತೆ ಗುಂಡಿ ನೋಡಿದೆನಲ್ಲೇ! ಹಿಂದೆ ಕೂತರೆ ಎರಡೂ ಕಡೆ ನೋಡಬಹುದು! ಆ ಹಳದಿ ಮನೆಗೆ ಬಾಲ್ಕನಿ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ! ನೀನು ಒಬ್ಬಳೇ ಇದನ್ನೆಲ್ಲ ಅನುಭವಿಸ್ತಿದ್ದೆ, ಕಳ್ಳಿ! ಒಂದು ಮಾತು ಹೇಳಿದ್ಯಾ?”

*

ಪೇಟೆಯ ಬಾಯಲ್ಲೇ ವಾಹನಗಳು ಸಾಲುಗಟ್ಟಿದ್ದವು. ದೂರದಲ್ಲಿ ವ್ಯಾನಿನ ಬಿಳಿ ಚಾವಣಿ ಕಂಡಿತು. ಅದು ದೊಡ್ಡ ಸೇತುವೆ ಸುತ್ತಿ ಸ್ಮಶಾನಕ್ಕೆ ಹೋಗಬೇಕು. ಸೊಸೆ ಕಾಲುವೆಯ ದಂಡೆಗೆ ತಿರುಗಿಸಿದಳು. ನಾದಿನಿ ಅವಳ ಸೊಂಟವನ್ನು ಉಸಿರುಗಟ್ಟುವಷ್ಟು ಬಿಗಿಯಾಗಿ ಅವುಚಿಕೊಂಡಿದ್ದಳು.

ಕಾಲುಸೇತುವೆಯ ಹಲಗೆ ಅಗಲವಿರಲಿಲ್ಲ, ಜೊತೆಗೆ ಒಂದು ಗೇಣು ಎತ್ತರದ ಮೆಟ್ಟಿಲು. ಇಬ್ಬರೂ ಇಳಿದರು. “ಹಿಂದೆ ನೀವು ಎತ್ತಿ ಅಕ್ಕಾ.”

ಗುಡ್ಡ ಎತ್ತುವವಳಂತೆ ನಾದಿನಿ ಕಾಲು ಅಗಲಿಸಿ ನಿಂತಳು. ಎತ್ತಿದಳು. “ಇಷ್ಟೇನಾ?” ಎಂದಳು ಅಚ್ಚರಿಯಿಂದ.

“ಅಷ್ಟೇ.”

ಆಚೆ ದಡದಲ್ಲಿ ಗಾಳಿ ತಣ್ಣಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ದನಿ ಕೇಳಿತು. ಮನೆಯಲ್ಲಿ ಎಷ್ಟು ಅತ್ತರೂ ಹೊರಗೆ ಬಾರದಿದ್ದ ಮಾತು.

“ನನ್ನ ಹತ್ರ ಅಮ್ಮ ಡಾಕ್ಟ್ರು ಹೇಳಿದ ಹಾಗೆ ಮಾತಾಡಿದ್ದೇ ಇಲ್ಲ. ಫೋನಲ್ಲಿ ‘ಊಟ ಆಯ್ತಾ, ಸರಿ ಇಡ್ಲಾ’ ಅಷ್ಟೆ. ನಿನಗೆ ಇಡೀ ಅಮ್ಮ ಸಿಕ್ಕಿಬಿಟ್ರು ಅಂತ ಮೊದಲಿಂದಲೂ ಹೊಟ್ಟೆಕಿಚ್ಚು ನನಗೆ. ಅದಕ್ಕೇ ಡ್ರೈವರ್ ಅದು ಇದು ಅಂದೆ.” ತುಸು ತಡೆದು, “ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ?”

ಸೊಸೆ ವೇಗ ಇಳಿಸಿದಳು. ಬಲಗಡೆ ಒಂದು ಶಾಲೆಯ ಆಟದ ಮೈದಾನ, ತುಕ್ಕು ಹಿಡಿದ ಬೇಲಿ.

“ಇಲ್ಲಿಗೆ ಬಂದಾಗೆಲ್ಲ ಹೇಳ್ತಿದ್ರು. ನಾನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದೀನಿ. ನೀವು ಓಟದಲ್ಲಿ ಓಡ್ತಿದ್ರಂತೆ. ಅರ್ಧ ದಾರೀಲಿ ಒಂದು ಶೂ ಕಳಚಿಹೋಯ್ತಂತೆ. ನೀವು ಇನ್ನೊಂದನ್ನೂ ಕಿತ್ತೆಸೆದು ಓಡಿದ್ರಂತೆ.”

“ಅದು ಅಮ್ಮನಿಗೆ ಹೇಗೆ ಗೊತ್ತು? ಅವತ್ತು ಅವರಿಗೆ ಲ್ಯಾಬ್ ಇತ್ತು. ಬರಲೇ ಇಲ್ಲ.”

“ಬಂದಿದ್ರು. ಈ ಬೇಲಿ ಹಿಂದೆ ನಿಂತಿದ್ರಂತೆ. ಕೈ ತುಂಬ ಹಲ್ಲಿನ ಅಚ್ಚಿನ ಬಿಳೀ ಪ್ಲಾಸ್ಟರ್ ಮೆತ್ತಿಕೊಂಡಿತ್ತಂತೆ, ನಿಮ್ಮ ಗೆಳತಿಯರ ಮುಂದೆ ಹಾಗೆ ಬಂದರೆ ನಿಮಗೆ ನಾಚಿಕೆ ಆಗಬಹುದು ಅಂತ ಹಾಗೇ ವಾಪಸ್ ಓಡಿದ್ರಂತೆ. ‘ಕುದುರೆಮರಿ ಹಾಗೆ ಓಡಿದಳು ಕಣೇ ನನ್ನ ಮಗಳು’ ಅಂತ ಪ್ರತಿ ಸಲಾನೂ, ಈ ಬೇಲಿ ಮುಗಿಯೋ ತನಕ.”

ನಾದಿನಿಯ ಹೆಲ್ಮೆಟ್ಟು ಸೊಸೆಯ ಬೆನ್ನಿಗೆ ಬಂದು ಒರಗಿತು. ಬೇಲಿ ಮುಗಿಯುವವರೆಗೂ ಸೊಸೆ ನಿಧಾನವಾಗಿಯೇ ಓಡಿಸಿದಳು.

ಅವರು ತಲುಪಿದಾಗ ವ್ಯಾನು ಇನ್ನೂ ಬಂದಿರಲಿಲ್ಲ. ಗೇಟಿನ ಬಳಿ ಇಬ್ಬರೂ ನಿಂತೇ ಕಾದರು. ಅತ್ತೆಯನ್ನು ಇಳಿಸಿದಾಗ ನಾದಿನಿ ಶಾಲನ್ನು ಎರಡು ಮಡಿಕೆ ಮಾಡಿ ತಾಯಿಯ ಪಾದಗಳಿಗೆ ಸುತ್ತಿದಳು. ಎಲ್ಲರೂ ಹೂವಿಟ್ಟರು. ಕಂಡಕ್ಟರು ಇನ್ನೊಮ್ಮೆ ಅತ್ತರು. ಉಳಿದದ್ದೆಲ್ಲ ಬೇಗ ಮುಗಿಯಿತು.

“ಅಕ್ಕಾ, ನೀನು ಕಾರಲ್ಲಿ ಬಾ, ಸುಸ್ತಾಗಿದ್ದೀಯ,” ಎಂದ ತಮ್ಮ.

“ನೀನು ಹೋಗು. ನಾನು ಇವಳ ಜೊತೆ ಬರ್ತೀನಿ.”

ಸಂಜೆಯ ಬಿಸಿಲು ಮಾಗಿತ್ತು. ಸೊಸೆ ಊರಾಚೆಯ ರಸ್ತೆಗೆ ತಿರುಗಿಸಿದಳು. ಒಂದು ಬದಿಗೆ ಹೊಲಗಳು, ಇನ್ನೊಂದು ಬದಿಗೆ ರೈಲು ಹಳಿ.

“ಇದು ನಾವು ಬಂದ ದಾರಿ ಅಲ್ವಲ್ಲ?”

“ಸುತ್ತು ದಾರಿ ಅಕ್ಕಾ. ವಾಪಸ್ ಹೋಗೋಣ್ವಾ?”

“ಇರ್ಲಿ ಬಿಡು. ಹೋಗ್ಲಿ.”

ಹಿಂದಿನಿಂದ ರೈಲೊಂದು ಬಂದು ಜೊತೆಗೂಡಿತು. ನಿಲ್ದಾಣ ಹತ್ತಿರವಾದದ್ದರಿಂದ ಅದಕ್ಕೂ ಅವಸರವಿರಲಿಲ್ಲ. ಮಿಡತೆಗೆ ಸಮಸಮನಾಗಿ ಒಂದೊಂದೇ ಕಿಟಕಿ ಸಾಗಿತು. ಒಬ್ಬಳು ಅಜ್ಜಿ, ಮಲಗಿದ ಸಿಪಾಯಿ, ಗಾಜಿಗೆ ಮೂಗೊತ್ತಿ ನಿಂತ ಮಕ್ಕಳು. ಮಕ್ಕಳು ಕೈ ಬೀಸಿದರು. ಸೊಸೆಗೆ ಸೊಂಟದ ಹಿಡಿತ ಸಡಿಲವಾದದ್ದು ತಿಳಿಯಿತು. ಕನ್ನಡಿಯಲ್ಲಿ ನೋಡಿದಳು. ಹಿಂದಿನ ಸೀಟಿನಲ್ಲಿ ನಾದಿನಿ ನೆಟ್ಟಗೆ ಕೂತು, ಎರಡೂ ಕೈ ಮೇಲೆತ್ತಿ, ಇಡೀ ರೈಲಿಗೆ ಬೀಸುತ್ತಿದ್ದಳು.